ಸತ್ತ ಮಂಗದ ಸುದ್ದಿ ಯಾರಿಗೆ ಹೇಳಬೇಕು?

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಅಂದುಕೊಳ್ಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದ ಕಡೆಯ ಒಂದು ಊರು. ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ನಡೆದಿದೆ. ದರಕು, ಅಂದರೆ ಉದುರಿದ ಒಣ ಎಲೆ ತರಲು ಬೆಟ್ಟಕ್ಕೆ ಹೋದ ಹೆಂಗಸಿಗೆ ಮತ್ತಿ ಮರದ ಬುಡದಲ್ಲಿ ಒಂದು ಮುಸಿಯ (ಕಪ್ಪು ಮುಖದ ಮಂಗ) ಸತ್ತು ಬಿದ್ದಿರುವುದು ಕಾಣುತ್ತದೆ. ಮೈಮೇಲೆ ಗಾಯವಿಲ್ಲ. ನಾಯಿ ಕಚ್ಚಿದ್ದಲ್ಲ, ಕರೆಂಟ್ ತಗುಲಿದ್ದೂ ಅಲ್ಲ. ಆಕೆ ಮೂಗು ಮುಚ್ಚಿಕೊಂಡು ಸ್ವಲ್ಪ ದೂರ ಸರಿಯುತ್ತಾಳೆ. ಕಲ್ಲಿಗೆ (ಹಗ್ಗದ ಬಲೆಚೀಲಕ್ಕೆ) ದರಕು ತುಂಬಿಸಿಕೊಂಡು ಮನೆಗೆ ಬರುತ್ತಾಳೆ.

ಈಗ ಒಂದು ಪ್ರಶ್ನೆ. ಈ ಸುದ್ದಿಯನ್ನು ಅವಳು ಯಾರಿಗೆ ಹೇಳಬೇಕು?

ಮಂಗ ಕಾಡುಪ್ರಾಣಿ, ಹಾಗಾಗಿ ಅರಣ್ಯ ಇಲಾಖೆಗೆ ಹೇಳಬೇಕು ಅನ್ನಬಹುದು. ಅದರ ಮರಣೋತ್ತರ ಪರೀಕ್ಷೆ ಮಾಡುವವರು ಪಶುವೈದ್ಯರು. ಆ ಸಾವಿನಿಂದ ಅಪಾಯ ಇರುವುದು ಮನುಷ್ಯರಿಗೆ, ಅಂದರೆ ಅದು ಆರೋಗ್ಯ ಇಲಾಖೆಯ ವಿಷಯ. ಸತ್ತ ಜಾಗ ಪಂಚಾಯ್ತಿ ವ್ಯಾಪ್ತಿಯಲ್ಲಿದೆ. ನಾಲ್ಕೂ ಉತ್ತರ ಸರಿ. ಹಾಗಾಗಿಯೇ ಎಷ್ಟೋ ಸಲ ಸುದ್ದಿ ಯಾರಿಗೂ ಮುಟ್ಟುವುದಿಲ್ಲ.

ಹೀಗೆ ಮಂಗ ಸತ್ತಿರುವುದು ಮಂಗನ ಕಾಯಿಲೆಯ, ಅಂದರೆ ಕಾಡಿನಿಂದ ಮನುಷ್ಯರಿಗೂ ಬರುವ ಒಂದು ವೈರಸ್ ಜ್ವರದ ಗುರುತಾಗಿರಬಹುದು. ಆ ಕಾಯಿಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ಆದರೆ ಹಳೆಯ ಲಸಿಕೆ ನಿಂತುಹೋದ ಮೇಲೆ ಇಂಥ ಸುದ್ದಿಯ ಬೆಲೆ ಮೊದಲಿಗಿಂತ ಜಾಸ್ತಿಯಾಗಿದೆ. ಪತ್ರಿಕೆಗಳಲ್ಲಿ, ಸರ್ಕಾರದ ಸಭೆಗಳಲ್ಲಿ ಈಗ ಆಗಾಗ ಕೇಳುವ ‘ಒನ್ ಹೆಲ್ತ್’ ಎಂಬ ಮಾತು ಹುಟ್ಟಿರುವುದು ಇದೇ ಪ್ರಶ್ನೆಯಿಂದ. ಅದು ಏನು, ಯಾಕೆ ಬೇಕು ಅನ್ನುವುದನ್ನು ನಮ್ಮ ಬೆಟ್ಟ, ನಮ್ಮ ಕೊಟ್ಟಿಗೆಯಿಂದಲೇ ನೋಡಿಕೊಂಡು ಬರೋಣ.

ನೀರು ಬೀಳುವುದು ಒಂದು ಕಡೆ, ಹಂಚು ಒಡೆದಿರುವುದು ಇನ್ನೊಂದು ಕಡೆ

ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ರೋಗಗಳಿಗೆ ಪ್ರಾಣಿಜನ್ಯ ರೋಗಗಳು ಅನ್ನುತ್ತಾರೆ. ಹೆಸರು ಹೊಸದು ಅನ್ನಿಸಬಹುದು, ರೋಗಗಳು ನಮಗೆ ಗೊತ್ತಿರುವವೇ. ಹುಚ್ಚುನಾಯಿ ಕಚ್ಚಿದರೆ ಬರುವ ರೇಬಿಸ್. ಗದ್ದೆ ಕೆಲಸದವರಿಗೆ ಬರುವ ಇಲಿ ಜ್ವರ. ಕೇರಳದಲ್ಲಿ ಕಾಣಿಸಿಕೊಂಡ, ಬಾವಲಿಯಿಂದ ಬರುವ ನಿಪಾ. ಮತ್ತೆ ನಮ್ಮ ಮಂಗನ ಕಾಯಿಲೆ. ಮನುಷ್ಯರಿಗೆ ಗೊತ್ತಿರುವ ಸೋಂಕು ರೋಗಗಳಲ್ಲಿ ಸುಮಾರು ಶೇ 60ರಷ್ಟು ಪ್ರಾಣಿಗಳಿಂದ ಬಂದವು ಎಂದು ಅಂದಾಜು. ಹೊಸದಾಗಿ ಕಾಣಿಸಿಕೊಳ್ಳುವ ರೋಗಗಳನ್ನಷ್ಟೇ ಲೆಕ್ಕ ಹಾಕಿದರೆ ನಾಲ್ಕರಲ್ಲಿ ಮೂರು.

ಹಂಚಿನ ಮನೆಯಲ್ಲಿ ಇದ್ದವರಿಗೆ ಒಂದು ಅನುಭವ ಇರುತ್ತದೆ. ಮಳೆಗಾಲದಲ್ಲಿ ನಡುಮನೆಯಲ್ಲಿ ನೀರು ತೊಟ್ಟಿಕ್ಕುತ್ತದೆ. ತಲೆ ಎತ್ತಿ ನೋಡಿದರೆ ಅಲ್ಲಿ ಹಂಚು ಗಟ್ಟಿಯಾಗೇ ಇರುತ್ತದೆ. ಒಡೆದಿರುವುದು ಎಲ್ಲೋ ಮೇಲೆ, ಅಡ್ಡೆಯ ಹತ್ತಿರ. ನೀರು ರೀಪಿನ ಮೇಲೆ ಹರಿದುಕೊಂಡು ಬಂದು ಇಲ್ಲಿ ಬೀಳುತ್ತಿರುತ್ತದೆ. ಕೆಳಗೆ ಪಾತ್ರೆ ಇಡುವುದು ಬೇಕೇ ಬೇಕು. ಆದರೆ ಪಾತ್ರೆ ಇಟ್ಟರೆ ಸೋರುವುದು ನಿಲ್ಲುವುದಿಲ್ಲ.

ಮಂಗನ ಕಾಯಿಲೆಯಲ್ಲಿ ಮನುಷ್ಯರಿಗೆ ಬರುವ ಜ್ವರ ನಡುಮನೆಗೆ ಬಿದ್ದ ನೀರು. ಆಸ್ಪತ್ರೆ ಕೆಳಗಿಟ್ಟ ಪಾತ್ರೆ. ಒಡೆದ ಹಂಚು ಹುಡುಕಬೇಕು ಅಂದರೆ ಮಾಡು ಹತ್ತಬೇಕು, ಅಂದರೆ ಬೆಟ್ಟಕ್ಕೆ ಹೋಗಬೇಕು.

ಉಣುಗಿನ ಒಂದು ವರ್ಷ

ಈ ಕಾಯಿಲೆಯನ್ನು ಮಂಗನ ಕಾಯಿಲೆ ಅಂತ ಕರೆದರೂ ನಮಗೆ ಅದನ್ನು ದಾಟಿಸುವುದು ಮುಖ್ಯವಾಗಿ ಉಣುಗು. ದನದ ಕಿವಿ, ಗಂಗೆದೊಗಲಿನಲ್ಲಿ ಕಚ್ಚಿಕೊಂಡಿರುತ್ತದಲ್ಲ, ಆ ಜಾತಿಯ ಹುಳ. ಕೆಲವರು ಉಣ್ಣೆ ಅನ್ನುತ್ತಾರೆ. ಉಣುಗಿನಲ್ಲಿ ಹಲವು ಬಗೆ ಇವೆ. ಈ ವೈರಸ್ಸನ್ನು ಹೆಚ್ಚಾಗಿ ಹೊರುವುದು ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಒಂದು ಕಾಡು ಉಣುಗು.

ಇದರ ಬದುಕು ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಈ ಉಣುಗು ತನ್ನ ಇಡೀ ಬದುಕಿನಲ್ಲಿ ಊಟ ಮಾಡುವುದು ಮೂರೇ ಸಲ. ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲು, ಗಾತ್ರ ಸಾಸಿವೆಗಿಂತ ಸಣ್ಣದು. ಅದು ಇಲಿ, ಮೂಗಿಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ ಪ್ರಾಣಿಯನ್ನು ಹತ್ತಿ, ಕೆಲವು ದಿನ ರಕ್ತ ಹೀರಿ, ಕೆಳಗೆ ಉದುರುತ್ತದೆ. ಒಣ ಎಲೆಗಳ ನಡುವೆ ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾಗುತ್ತದೆ. ಆಗ ಎರಡನೇ ಊಟ. ಮತ್ತೆ ಉದುರಿ, ಪೊರೆ ಬಿಟ್ಟು ದೊಡ್ಡದಾಗುತ್ತದೆ. ಮೂರನೇ ಊಟಕ್ಕೆ ದೊಡ್ಡ ಪ್ರಾಣಿಯೇ ಬೇಕು. ಕಾಡೆಮ್ಮೆ, ಜಿಂಕೆ, ಇಲ್ಲವೇ ಬೆಟ್ಟಕ್ಕೆ ಬಂದ ನಮ್ಮ ದನ. ಆ ಊಟ ಮುಗಿಸಿದ ಹೆಣ್ಣು ನೆಲಕ್ಕೆ ಬಿದ್ದು ರಾಶಿ ಮೊಟ್ಟೆ ಇಟ್ಟು ಸಾಯುತ್ತದೆ.

ಇದನ್ನು ನಮ್ಮ ಕ್ಯಾಲೆಂಡರಿನ ಮೇಲೆ ಇಟ್ಟು ನೋಡಿ. ದೊಡ್ಡ ಉಣುಗುಗಳ ಕಾಲ ಮಳೆಗಾಲ, ಅಂದರೆ ಆಷಾಢ, ಶ್ರಾವಣದ ಹೊತ್ತು. ಮಳೆ ಕಡಿಮೆಯಾಗಿ ದೀಪಾವಳಿ ಬರುವಷ್ಟರಲ್ಲಿ ಮರಿಗಳು ಹೊರಬರುತ್ತವೆ. ಎಳೆ ಉಣುಗುಗಳ ಕಾಲ ಡಿಸೆಂಬರಿನಿಂದ ಸುಮಾರು ಮೇ ತನಕ. ಮನುಷ್ಯರಿಗೆ ಕಚ್ಚಿ ರೋಗ ಕೊಡುವುದು ಹೆಚ್ಚಾಗಿ ಈ ಎಳೆ ಉಣುಗುಗಳೇ. ಎಷ್ಟು ಸಣ್ಣವು ಅಂದರೆ ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಆ ಆರು ತಿಂಗಳಲ್ಲಿ ನಾವು ಎಲ್ಲಿರುತ್ತೇವೆ? ಬೆಟ್ಟದಲ್ಲೇ. ಕೊನೆ ಕೊಯ್ಲು, ದರಕು ಗುಡಿಸುವುದು, ಸೊಪ್ಪು ಕಡಿಯುವುದು, ಸೌದೆ ತರುವುದು, ಮುರುಗಲು ಹೆಕ್ಕುವುದು. ಹಿಂದಿನಿಂದಲೂ ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ ಬಿಟ್ಟಿದ್ದಾರೆ. ಆ ಬೆಟ್ಟದ ಎಲೆ ಕೊಟ್ಟಿಗೆಗೆ ಬರುತ್ತದೆ, ದನದ ಕಾಲಡಿ ಹಾಸಾಗುತ್ತದೆ, ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಕಾಡು, ದನ, ತೋಟ, ಮನುಷ್ಯ ಎಲ್ಲವೂ ಒಂದೇ ಹಗ್ಗದ ಎಳೆಗಳು. ಬೇಸಾಯಕ್ಕೆ ಅದೇ ನಮ್ಮ ಬಲ. ಉಣುಗಿಗೂ ಅದೇ ದಾರಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಜನವರಿಯಲ್ಲಿ ಕಚ್ಚುವ ಎಳೆ ಉಣುಗಿನ ತಾಯಿ ಆಷಾಢದಲ್ಲಿ ಯಾವುದೋ ದನದ ಮೈಮೇಲೆ ಹೊಟ್ಟೆ ತುಂಬಿಸಿಕೊಂಡಿರಬಹುದು. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಅದು ಆರಾಮವಾಗಿರುತ್ತದೆ. ಹಸಿ ಹಾಲಿನಿಂದ ಈ ರೋಗ ಹರಡಿದ್ದಕ್ಕೂ ಆಧಾರವಿಲ್ಲ. ಆದರೆ ಉಣುಗಿನ ಸಂತಾನ ಬೆಳೆಯುವುದಕ್ಕೆ, ಕಾಡಿನ ಉಣುಗು ಊರಂಚಿಗೆ ಬರುವುದಕ್ಕೆ ದನ ದಾರಿಯಾಗುತ್ತದೆ. ಉಣುಗು ಸಾಯಿಸುವ ಔಷಧಿಯನ್ನು ಮಳೆಗಾಲದಲ್ಲಿ ದನದ ಬೆನ್ನಿಗೆ ಹಚ್ಚಿದರೆ ಅದರ ಫಲ ಕಾಣುವುದು ಆರು ತಿಂಗಳ ನಂತರ, ಮನುಷ್ಯರ ಜ್ವರದ ಲೆಕ್ಕದಲ್ಲಿ. ಔಷಧಿ ಹಚ್ಚುವ ಇಲಾಖೆ ಒಂದು, ಲೆಕ್ಕ ಬರೆಯುವ ಇಲಾಖೆ ಇನ್ನೊಂದು. ಇಬ್ಬರೂ ಒಂದೇ ಪುಸ್ತಕ ನೋಡದಿದ್ದರೆ ಆ ಔಷಧಿಯಿಂದ ಯಾರ ಜೀವ ಉಳಿಯಿತು ಎಂದು ಇಬ್ಬರಿಗೂ ಗೊತ್ತಾಗುವುದಿಲ್ಲ.

ಮಂಗನ ತಪ್ಪೇನೂ ಇಲ್ಲ

ವೈರಸ್ ಇರುವ ಉಣುಗು ಮಂಗಕ್ಕೆ ಕಚ್ಚಿದರೆ ಮಂಗಕ್ಕೂ ರೋಗ ಬರುತ್ತದೆ. ಕಪ್ಪು ಮುಖದ ಮುಸಿಯ, ಕೆಂಪು ಮುಖದ ಮಂಗ ಎರಡೂ ಈ ರೋಗದಿಂದ ಸಾಯುತ್ತವೆ. ಕಾಯಿಲೆ ಬಿದ್ದ ಮಂಗದ ರಕ್ತದಲ್ಲಿ ವೈರಸ್ ತುಂಬಾ ಜಾಸ್ತಿ ಇರುತ್ತದೆ. ಆ ಹೊತ್ತಿನಲ್ಲಿ ಅದರ ಮೈಮೇಲಿರುವ ನೂರಾರು ಸಣ್ಣ ಉಣುಗುಗಳು ಆ ರಕ್ತವನ್ನೇ ಹೀರುತ್ತವೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅವೆಲ್ಲ ಇಳಿದುಬಿಡುತ್ತವೆ. ಮರದ ಕೆಳಗಿನ ಆ ಜಾಗ ವೈರಸ್ ತುಂಬಿದ ಉಣುಗುಗಳ ಗೂಡಾಗುತ್ತದೆ. ಅದನ್ನು ‘ಹಾಟ್‌ಸ್ಪಾಟ್’ ಅನ್ನುತ್ತಾರೆ. ಉಣುಗು ಒಮ್ಮೆ ವೈರಸ್ ಪಡೆದರೆ ಪೊರೆ ಬಿಟ್ಟು ದೊಡ್ಡದಾದಾಗಲೂ ಅದು ಒಳಗೇ ಉಳಿಯುತ್ತದೆ.

ಅದಕ್ಕೇ ಮಂಗ ಸತ್ತ ಸುದ್ದಿ ಬಂದ ಕೂಡಲೇ ಅದರ ಸುತ್ತ ಸುಮಾರು 50 ಮೀಟರ್ ಜಾಗಕ್ಕೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುವ ಪದ್ಧತಿ ಇದೆ. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ, ಮಾದರಿ ತೆಗೆದು, ಕಳೇಬರ ಸುಡಿಸುತ್ತಾರೆ. ಇದು ಬೇಗ ಆಗಬೇಕು. ಮಂಗ ಕೊಳೆತುಹೋದರೆ ಪರೀಕ್ಷೆಗೆ ಒಳ್ಳೆಯ ಮಾದರಿ ಸಿಗುವುದಿಲ್ಲ. ಉಣುಗುಗಳೂ ಕಾಯುತ್ತಾ ಕೂರುವುದಿಲ್ಲ.

ಮಂಗನ ಕಾಯಿಲೆ ಅನ್ನುವ ಹೆಸರಿನಿಂದ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ. ಮಂಗವನ್ನು ಓಡಿಸಿದರೆ, ಕೊಂದರೆ ರೋಗ ಹೋಗುತ್ತದೆ ಅಂತ. ತೋಟದಲ್ಲಿ ಮಂಗಗಳ ಕಾಟ ಎಷ್ಟಿದೆ ಅನ್ನುವುದು ನನಗೂ ಗೊತ್ತು. ಆದರೆ ಈ ವಿಷಯದಲ್ಲಿ ಮಂಗವೂ ನಮ್ಮ ಹಾಗೇ ರೋಗಿ. ನಮಗಿಂತ ಮೊದಲು ಕಾಯಿಲೆ ಬೀಳುವ ರೋಗಿ. ಅದು ಸತ್ತು ಬಿದ್ದಾಗಲೇ ವೈರಸ್ ಈ ಬೆಟ್ಟಕ್ಕೆ ಬಂದಿದೆ ಎಂದು ನಮಗೆ ತಿಳಿಯುವುದು. ವನ್ಯಜೀವಿ ಕಾನೂನಿನ ಪ್ರಕಾರ ಕೊಲ್ಲುವುದು ಅಪರಾಧ ಅನ್ನುವುದು ಬೇರೆ ಮಾತು.

‘ಒನ್ ಹೆಲ್ತ್’ ಅಂದರೆ ಇಷ್ಟೇ

ಈಗ ಆ ದೊಡ್ಡ ಹೆಸರಿಗೆ ಬರೋಣ. ಮನುಷ್ಯನ ಆರೋಗ್ಯ, ಪ್ರಾಣಿಯ ಆರೋಗ್ಯ, ಕಾಡು, ನೀರು, ಮಣ್ಣಿನ ಆರೋಗ್ಯ ಬೇರೆ ಬೇರೆ ಅಲ್ಲ. ಒಂದು ಕೆಟ್ಟರೆ ಇನ್ನೊಂದಕ್ಕೂ ತಾಗುತ್ತದೆ. ಆದ್ದರಿಂದ ವೈದ್ಯರು, ಪಶುವೈದ್ಯರು, ಅರಣ್ಯದವರು, ಕೃಷಿಯವರು, ಊರಿನವರು ಒಟ್ಟಿಗೆ ನೋಡಬೇಕು, ಒಟ್ಟಿಗೆ ಕೆಲಸ ಮಾಡಬೇಕು. ಇದೇ ‘ಒನ್ ಹೆಲ್ತ್’. ಕನ್ನಡದಲ್ಲಿ ‘ಏಕ ಆರೋಗ್ಯ’ ಅಂತಲೂ ಬರೆಯುತ್ತಾರೆ.

ಯೋಚನೆ ಹಳೆಯದು. ಪ್ರಾಣಿಜನ್ಯ ರೋಗಕ್ಕೆ ‘ಝೂನೋಸಿಸ್’ ಎಂದು ಹೆಸರಿಟ್ಟವರು 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಚೋ. ಮನುಷ್ಯರ ವೈದ್ಯಕೀಯಕ್ಕೂ ಪ್ರಾಣಿಗಳ ವೈದ್ಯಕೀಯಕ್ಕೂ ನಡುವೆ ಗೆರೆ ಎಳೆಯಬಾರದು ಅನ್ನುವುದು ಅವರ ನಿಲುವು. ಇವತ್ತು ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಈ ನಾಲ್ಕೂ ಸೇರಿ ಇದನ್ನು ಮುನ್ನಡೆಸುತ್ತಿವೆ. ನಮ್ಮ ದೇಶದಲ್ಲೂ ರಾಷ್ಟ್ರೀಯ ಒನ್ ಹೆಲ್ತ್ ಮಿಷನ್ ಇದೆ. ನಾಗಪುರದಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆಗೆ 2022ರ ಡಿಸೆಂಬರಿನಲ್ಲಿ ಅಡಿಗಲ್ಲು ಹಾಕಿದರು. ಅದೇ ವರ್ಷ ಕರ್ನಾಟಕದಲ್ಲಿ ಒಂದು ಪ್ರಾಯೋಗಿಕ ಯೋಜನೆಯೂ ಶುರುವಾಯಿತು.

ಮೇಲಿನ ಮಟ್ಟದ ಈ ಕೆಲಸಗಳೆಲ್ಲ ಬೇಕು. ಆದರೆ ನನಗೆ ಅನ್ನಿಸುವುದು, ನಮ್ಮಂಥ ಜಿಲ್ಲೆಯಲ್ಲಿ ಒನ್ ಹೆಲ್ತ್ ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ ಒಂದೇ ಪರೀಕ್ಷೆ ಸಾಕು. ಬೆಟ್ಟದಲ್ಲಿ ಸತ್ತ ಮಂಗದ ಸುದ್ದಿ ಅದೇ ದಿನ ಪಶುವೈದ್ಯರಿಗೂ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಅರಣ್ಯದ ಗಾರ್ಡಿಗೂ, ಆ ಬೆಟ್ಟಕ್ಕೆ ಹೋಗುವ ಮನೆಗಳಿಗೂ ಮುಟ್ಟಿತೋ ಇಲ್ಲವೋ?

ಕ್ಯಾಸನೂರಿನಲ್ಲಿ ನಡೆದದ್ದು

ಈ ಪಾಠ ಜಗತ್ತಿಗೆ ಸಿಕ್ಕಿದ್ದು ನಮ್ಮ ಪಕ್ಕದ ತಾಲ್ಲೂಕಿನಲ್ಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು, ಕೆಲವರು ತೀರಿಕೊಂಡರು. ಮಂಗಗಳ ಸಾವನ್ನೂ ಜನರ ಜ್ವರವನ್ನೂ ಬೇರೆ ಬೇರೆ ಅಂತ ಬಿಟ್ಟಿದ್ದರೆ ರೋಗ ಪತ್ತೆಯಾಗುವುದು ಇನ್ನೂ ತಡವಾಗುತ್ತಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಎರಡನ್ನೂ ಜೋಡಿಸಿ ನೋಡಿದರು. ಮಂಗಗಳು ಸಾಯುತ್ತಿದ್ದ ಕಾರಣ ಮೊದಲು ಹಳದಿ ಜ್ವರವೇ ಇರಬಹುದು ಎಂಬ ಆತಂಕ ಇತ್ತು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹೊಸ ವೈರಸ್. ಅದರ ಹತ್ತಿರದ ನೆಂಟರು ಇದ್ದದ್ದು ರಷ್ಯಾದಲ್ಲಿ, ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್ಸುಗಳು.

ಹಾಗಾದರೆ ಅಷ್ಟು ದೂರದಿಂದ ವಲಸೆ ಬರುವ ಹಕ್ಕಿಗಳು ಉಣುಗು ತಂದವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿ ಅವರ ತಂಡ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ, ಮೈಮೇಲಿನ ಉಣುಗು ಆರಿಸಿತು. ಹಕ್ಕಿ ನೋಡುವವರು ಜ್ವರದ ತನಿಖೆಯಲ್ಲಿ! ಒನ್ ಹೆಲ್ತ್ ಅನ್ನುವ ಹೆಸರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಕೆಲಸ ಇಲ್ಲಿ ನಡೆದಿತ್ತು.

1960ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಷೆಲ್ ಇನ್ನೊಂದು ಅಂಶ ಗಮನಿಸಿದರು. ಕಾಡು ಕಡಿದು ಗದ್ದೆ ಮಾಡಿದಂತೆ, ದನಗಳು ಕಾಡಂಚಿನಲ್ಲಿ ಮೇದಂತೆ ಉಣುಗಿಗೆ ಅನುಕೂಲವಾಯಿತು ಎಂದು 1969ರಲ್ಲಿ ಬರೆದರು. ಐವತ್ತು ವರ್ಷದ ನಂತರ, 2020ರಲ್ಲಿ ಬಂದ ಇನ್ನೊಂದು ಅಧ್ಯಯನವೂ ಅದೇ ದಿಕ್ಕಿಗೆ ಕೈ ತೋರಿಸಿತು. ನಿತ್ಯಹರಿದ್ವರ್ಣ ಕಾಡು ಮತ್ತು ತೋಟ, ನೆಡುತೋಪು ಒಂದಕ್ಕೊಂದು ಹೆಣೆದುಕೊಂಡಿರುವ ಕಡೆ, ನಾಡ ದನ ಹೆಚ್ಚಿರುವ ಕಡೆ ಮನುಷ್ಯರಿಗೆ ಅಪಾಯ ಜಾಸ್ತಿ ಎಂದು ಅದು ಕಂಡುಕೊಂಡಿತು. ಓದಿದಾಗ ನಮ್ಮ ಶಿರಸಿ, ಸಿದ್ದಾಪುರದ ಚಿತ್ರವೇ ಕಣ್ಣಿಗೆ ಕಟ್ಟಿತು.

ರೋಗ ಅಲ್ಲೇ ನಿಲ್ಲಲಿಲ್ಲ. ಬಹಳ ವರ್ಷ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಸುತ್ತಮುತ್ತ ಇದ್ದದ್ದು 2012ರಲ್ಲಿ ಬಂಡೀಪುರದ ಕಡೆ ಕಾಣಿಸಿತು. ಆಮೇಲೆ ಕೇರಳದ ವಯನಾಡು, ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. 2019ರ ಸುಮಾರಿಗೆ ನಮ್ಮ ಗಡಿಯಾಚೆಯ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವು ಜೀವಗಳು ಹೋದದ್ದನ್ನು ಈ ಕಡೆಯವರು ಮರೆತಿಲ್ಲ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲೂ ಬಹಳ ಜನರಿಗೆ ಬಂತು.

ಸುದ್ದಿ ಎಲ್ಲಿ ನಿಂತುಹೋಗುತ್ತದೆ?

ಒಟ್ಟಿಗೆ ಕೆಲಸ ಮಾಡಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ಆದರೂ ಯಾಕೆ ಕಷ್ಟ?

ಒಬ್ಬೊಬ್ಬರ ಕೆಲಸವನ್ನು ಅಳೆಯುವ ಅಳತೆ ಬೇರೆ. ಆರೋಗ್ಯ ಇಲಾಖೆ ನೋಡುವುದು ಎಷ್ಟು ಜನರಿಗೆ ಜ್ವರ ಬಂತು ಅನ್ನುವುದನ್ನು. ಪಶುಪಾಲನಾ ಇಲಾಖೆಗೆ ದನದ ರೋಗ, ಹಾಲು ಮುಖ್ಯ. ಉಣುಗಿನಿಂದ ದನ ಸಾಯದಿದ್ದರೆ ಅದು ಅವರ ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ. ಅರಣ್ಯದವರಿಗೆ ಕಾಡಿಗೆ ವಿಷದ ಪುಡಿ ಹಾಕುವುದು ಚಿಂತೆಯ ವಿಷಯ. ಅದರಲ್ಲಿ ತಪ್ಪೂ ಇಲ್ಲ, ಆ ಪುಡಿಯಿಂದ ಬೇರೆ ಹುಳುಗಳೂ ಸಾಯುತ್ತವೆ. ಯಾರೂ ಕೆಲಸಗಳ್ಳರಲ್ಲ. ಪ್ರತಿಯೊಬ್ಬರೂ ತಮ್ಮ ಪಾತ್ರೆ ಸರಿಯಾಗಿ ಇಟ್ಟಿದ್ದಾರೆ. ಒಡೆದ ಹಂಚು ಮಾತ್ರ ಯಾರ ಪಾಲಿಗೂ ಬಂದಿಲ್ಲ.

ಇನ್ನೊಂದು, ನಮ್ಮ ಜಿಲ್ಲೆಯ ಉದ್ದಗಲ. ಜಿಲ್ಲಾ ಕೇಂದ್ರ ಕಾರವಾರ ಕಡಲ ತೀರದಲ್ಲಿ. ರೋಗ ಜಾಸ್ತಿ ಇರುವುದು ಘಟ್ಟದ ಮೇಲಿನ ಬೆಟ್ಟದಲ್ಲಿ. ಸಿದ್ದಾಪುರದಿಂದ ಕಾರವಾರಕ್ಕೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಜಾಸ್ತಿ. ರೋಗ ಜೋರಾದವರನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಕರೆದೊಯ್ಯಬೇಕು. ಆ ದಾರಿಯಲ್ಲಿ ಕಳೆಯುವ ಪ್ರತಿ ಗಂಟೆಯೂ ಭಾರ.

ಮೂರನೆಯದು, ಬೆಟ್ಟಕ್ಕೆ ದಿನಾ ಹೋಗುವವರ ಮಾತಿಗೆ ಬೆಲೆ ಕಡಿಮೆ. ಯಾವ ದಿಕ್ಕಿನಲ್ಲಿ ಮಂಗಗಳ ಸದ್ದು ನಿಂತಿದೆ, ಎಲ್ಲಿ ವಾಸನೆ ಬರುತ್ತಿದೆ, ಈ ವರ್ಷ ಉಣುಗು ಹೇಗಿದೆ ಅನ್ನುವುದು ದರಕು ತರುವ ಹೆಂಗಸರಿಗೆ, ದನ ಕಾಯುವವರಿಗೆ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಅವರನ್ನು ಕೇಳುವವರು ಮಾತ್ರ ಕಡಿಮೆ. ಈ ಕೊಂಡಿಯನ್ನು ಹಿಡಿದಿಟ್ಟಿರುವವರು ಹೆಚ್ಚಾಗಿ ಆಶಾ ಕಾರ್ಯಕರ್ತೆಯರು. ಮನೆಗೆ ಬಂದು ‘ಯಾರಿಗಾದ್ರೂ ಜ್ವರ ಇದ್ಯಾ? ಬೆಟ್ಟಕ್ಕೆ ಹೋಗಿದ್ರಾ? ಮಂಗ ಸತ್ತಿದ್ದು ಎಲ್ಲಾದ್ರೂ ಕಂಡಿದ್ರಾ?’ ಎಂದು ಅವರು ಒಂದೇ ಉಸಿರಿಗೆ ಕೇಳುವ ಮೂರು ಪ್ರಶ್ನೆಗಳಲ್ಲಿ ಮನುಷ್ಯ, ಪರಿಸರ, ಪ್ರಾಣಿ ಮೂರೂ ಇವೆ.

ಲಸಿಕೆ ಏನಾಯಿತು?

ಇದು ಎಲ್ಲರೂ ಕೇಳುವ ಪ್ರಶ್ನೆ. ಮಂಗನ ಕಾಯಿಲೆಗೆ ಒಂದು ಲಸಿಕೆ ಇತ್ತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷವೂ ಬೂಸ್ಟರ್. ಚುಚ್ಚಿದ ಜಾಗ ಬಹಳ ನೋಯುತ್ತಿದ್ದದ್ದರಿಂದ ಎಷ್ಟೋ ಜನ ಎರಡನೇ ಡೋಸಿಗೆ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಲೆಕ್ಕ ನೋಡಿದ ಒಂದು ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಸುಮಾರು ಶೇ 62ರಷ್ಟು, ಬೂಸ್ಟರನ್ನೂ ಪಡೆದವರಿಗೆ ಸುಮಾರು ಶೇ 83ರಷ್ಟು ರಕ್ಷಣೆ ಸಿಕ್ಕಿತ್ತು. ಬರುಬರುತ್ತಾ ಲಸಿಕೆಯ ಶಕ್ತಿ ಸಾಲದು ಎಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೈಗೆತ್ತಿಕೊಂಡಿದೆ.

ಲಸಿಕೆ ಬಂದರೂ ಉಣುಗು ಹೋಗುವುದಿಲ್ಲ, ಮಂಗಗಳಿಗೆ ರೋಗ ಬರುವುದೂ ನಿಲ್ಲುವುದಿಲ್ಲ ಅನ್ನುವುದನ್ನು ಮಾತ್ರ ನೆನಪಿಡಬೇಕು.

ಪಕ್ಕದ ಗೋವಾದಲ್ಲಿ ನಾಯಿಗಳಿಗೆ ಲಸಿಕೆ

ಒಟ್ಟಿಗೆ ಕೆಲಸ ಮಾಡಿದರೆ ನಿಜವಾಗಿಯೂ ಫಲ ಸಿಗುತ್ತದಾ? ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಗೋವಾ. ಅಲ್ಲಿ ರೇಬಿಸ್ ವಿಷಯದಲ್ಲಿ ಇದು ಆಗಿದೆ. ನಾಯಿ ಕಚ್ಚಿದವರಿಗೆ ಇಂಜೆಕ್ಷನ್ ಕೊಡುವುದು ಪಾತ್ರೆ ಇಡುವ ಕೆಲಸ. ನಾಯಿಗಳಿಗೇ ಲಸಿಕೆ ಹಾಕುವುದು ಹಂಚು ಬದಲಿಸುವ ಕೆಲಸ. ಒಂದು ಊರಿನ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆ ಬಿದ್ದರೆ ರೇಬಿಸ್ ನಾಯಿಯಿಂದ ನಾಯಿಗೆ ಹರಡುವುದು ನಿಲ್ಲುತ್ತದೆ. ಗೋವಾ ಸರ್ಕಾರ ಮತ್ತು ಮಿಷನ್ ರೇಬಿಸ್ ಸಂಸ್ಥೆ ಸೇರಿ ಬೀದಿ ಬೀದಿಯಲ್ಲಿ ಬಲೆ ಹಿಡಿದು ನಾಯಿಗಳಿಗೆ ಲಸಿಕೆ ಹಾಕಿದರು, ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಟ್ಟರು. ಮೂರು ವರ್ಷ ಒಬ್ಬ ಮನುಷ್ಯನೂ ರೇಬಿಸ್‌ನಿಂದ ಸಾಯದ ಮೇಲೆ 2021ರಲ್ಲಿ ರೇಬಿಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿದರು.

ಇಲಿ ಜ್ವರದ್ದೂ ಇದೇ ಕಥೆ. ಇಲಿಯ ಮೂತ್ರ ಸೇರಿದ ಕೆಸರಿನಲ್ಲಿ ಬರಿಗಾಲಲ್ಲಿ ನಿಂತಾಗ ಕಾಲಿನ ಸಣ್ಣ ಗಾಯದಿಂದ ರೋಗಾಣು ಒಳಗೆ ಹೋಗುತ್ತದೆ. ಕರಾವಳಿಯ ಗದ್ದೆಗಳಲ್ಲಿ ಮಳೆಗಾಲದ ಜ್ವರ ಬಂದಾಗ ವೈದ್ಯರು ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕಾಗುತ್ತದೆ. ಊರಿನ ಕಸ, ಚರಂಡಿ ಸರಿಯಾದರೆ ಇಲಿ ಕಡಿಮೆಯಾಗುತ್ತದೆ. ಅದು ಪಂಚಾಯ್ತಿ ಕೆಲಸ, ಆಸ್ಪತ್ರೆಯದ್ದಲ್ಲ.

ಬೆಟ್ಟಕ್ಕೆ ಹೋಗುವವರು, ಜ್ವರ ಬಂದವರು

ಡೆಪಾ ಎಂಬ ಎಣ್ಣೆಯನ್ನು ಆರೋಗ್ಯ ಇಲಾಖೆ ರೋಗ ಇರುವ ಊರುಗಳಲ್ಲಿ ಹಂಚುತ್ತದೆ. ಬೆಟ್ಟಕ್ಕೆ ಹೋಗುವ ಮೊದಲು ಕೈಕಾಲು, ಕುತ್ತಿಗೆಗೆ ಹಚ್ಚಿಕೊಂಡರೆ ಉಣುಗು ಹತ್ತಿರ ಬರುವುದು ಕಡಿಮೆ. ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ದರಕಿನ ರಾಶಿಯ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹೊಸಕಬೇಡಿ, ಸೀಮೆಎಣ್ಣೆ ಸುರಿಯಬೇಡಿ.

ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ರೋಗ ಶುರುವಾಗುತ್ತದೆ. ಒಮ್ಮೆಲೇ ಚಳಿ, ಜೋರು ಜ್ವರ, ತಲೆನೋವು, ಮೈ ಮುರಿದು ಹಾಕಿದಂಥ ನೋವು. ಕೆಲವರಿಗೆ ವಾಂತಿ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಹೆಚ್ಚಿನವರು ಒಂದೆರಡು ವಾರದಲ್ಲಿ ಗುಣವಾಗುತ್ತಾರೆ. ಕೆಲವರಿಗೆ ಜ್ವರ ಬಿಟ್ಟು, ಹುಷಾರಾದೆ ಅಂದುಕೊಂಡ ಮೇಲೆ ಮತ್ತೆ ಬರುತ್ತದೆ. ಆಗ ಕೈ ನಡುಕ, ಗೊಂದಲ, ಕಣ್ಣು ಮಂಜಾಗುವುದು ಕಾಣಬಹುದು. ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ ಎಂದು ಅಂದಾಜು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಸರಿಯಾದ ಹೊತ್ತಿಗೆ ಆಸ್ಪತ್ರೆ ಸೇರಿ, ಮೈಯ ನೀರಿನಂಶ, ರಕ್ತದ ಮಟ್ಟ ನೋಡಿಕೊಂಡರೆ ಬದುಕುವ ಸಾಧ್ಯತೆ ಹೆಚ್ಚುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡಿದ್ದು ಕಂಡಿಲ್ಲ. ರೋಗಿಯನ್ನು ಮುಟ್ಟಲು, ಪಕ್ಕದಲ್ಲಿ ಕೂರಲು ಹೆದರಬೇಡಿ.

ನಮ್ಮ ಕಡೆ ಜ್ವರ ಬಂದರೆ ಮೊದಲ ಎರಡು ದಿನ ಕಷಾಯ ಕುಡಿದು ನೋಡುವುದು ರೂಢಿ. ಡಿಸೆಂಬರಿನಿಂದ ಮೇ ತನಕ ಹಾಗೆ ಕಾಯಬೇಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಜಾಸ್ತಿಯಾಗಬಹುದು. ಮೊದಲ ದಿನಗಳಲ್ಲಿ ತೆಗೆದ ರಕ್ತದಲ್ಲಿ ವೈರಸ್ ನೇರವಾಗಿ ಪತ್ತೆಯಾಗುತ್ತದೆ. ಆಸ್ಪತ್ರೆಯಲ್ಲಿ ಜ್ವರ ಅಂತಷ್ಟೇ ಹೇಳಿ ಸುಮ್ನೆ ಕೂರಬೇಡಿ. ‘ಡಾಕ್ಟ್ರೇ, ನಾನು ಬೆಟ್ಟಕ್ಕೆ ಹೋಗಿದ್ದೆ’ ಅನ್ನುವ ಒಂದು ಮಾತು ಸೇರಿಸಿ. ಬೇರೆ ಊರಿನಿಂದ ಬಂದ ವೈದ್ಯರಿಗೆ ಅದೊಂದು ಮಾತಿನಿಂದ ಯಾವ ಪರೀಕ್ಷೆ ಮಾಡಿಸಬೇಕು ಎಂದು ಹೊಳೆಯುತ್ತದೆ.

ಮತ್ತೆ ಆ ಮತ್ತಿ ಮರದ ಬುಡಕ್ಕೆ

ಸತ್ತ ಮಂಗ ಕಂಡ ಹೆಂಗಸು ಏನು ಮಾಡಬೇಕಿತ್ತು?

ಹತ್ತಿರ ಹೋಗಬಾರದು, ಮುಟ್ಟಬಾರದು, ಕೋಲಿನಿಂದ ಸರಿಸಲೂಬಾರದು. ಆ ಜಾಗದಲ್ಲಿ ದರಕು ಗುಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು, ತುಂಬಿದ್ದ ಕಲ್ಲಿಯನ್ನು ಮನೆಗೆ ತರಬಾರದು. ದೂರದಲ್ಲಿ ಒಂದು ಗುರುತು ನೆನಪಿಟ್ಟುಕೊಳ್ಳಬೇಕು, ಮರವೋ ಬಂಡೆಯೋ ಏನಾದರೂ. ಫೋನ್ ಇದ್ದರೆ ದೂರದಿಂದಲೇ ಒಂದು ಫೋಟೊ. ಮನೆಗೆ ಬಂದು ಸ್ನಾನ ಮಾಡಿ ಆಶಾ ಕಾರ್ಯಕರ್ತೆಗೆ ಹೇಳಬೇಕು. ಅವರು ಸಿಗದಿದ್ದರೆ ಪಶು ಆಸ್ಪತ್ರೆ, ಅರಣ್ಯದ ಗಾರ್ಡ್, ಪಂಚಾಯ್ತಿ ಯಾರಾದರೂ ಆದೀತು. ಯಾರಿಗೆ ಹೇಳಿದರೂ ಅವರು ಉಳಿದವರಿಗೆ ಮುಟ್ಟಿಸುವುದು ಅವರ ಜವಾಬ್ದಾರಿ. ‘ಅದು ನಮ್ಮ ಇಲಾಖೆಯಲ್ಲ’ ಎಂಬ ಉತ್ತರ ಬಂದರೆ ಬಿಡದೆ ಇನ್ನೊಬ್ಬರಿಗೆ ಹೇಳಬೇಕು.

ಅದಕ್ಕೂ ಮೊದಲು ಪಕ್ಕದ ಮನೆಗೆ ಒಂದು ಕೂಗು ಹಾಕಬೇಕು. ಅವರ ಗಿಡ್ಡ ದನಗಳು ದಿನಾ ಮೇಯುವುದು ಅದೇ ದಿಕ್ಕಿನಲ್ಲಿ. ಇವತ್ತು ಅವನ್ನು ಆ ಕಡೆ ಬಿಡುವುದು ಬೇಡ.